ಮನೆ ಸರ್ವರ್‌ನಿಂದ ನ್ಯಾಸ್‌ಗೆ ಬ್ಯಾಕಪ್

ಮನೆಯಲ್ಲಿ ಹಗಲಿರುಳು ಆನ್ ಇರುವ ಸಣ್ಣ ಕಂಪ್ಯೂಟರ್‌ನ ಫೋಟೊ, ಕಡತ, ಡೇಟಾಬೇಸ್‌ಗಳನ್ನು ಅದೇ ನೆಟ್‌ವರ್ಕ್‌ನಲ್ಲಿರುವ ಡಿಸ್ಕ್ ಪೆಟ್ಟಿಗೆಗೆ ತಪ್ಪದೆ ನಕಲು ಮಾಡಿಡುವ ಏರ್ಪಾಡು ಇದು. ಪೆಟ್ಟಿಗೆಯ ಪೂರ್ಣ ಹೆಸರು ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್; ಬಳಸುವವರ ಬಾಯಲ್ಲಿ ನ್ಯಾಸ್. ತೈವಾನಿನ ಸಿನಾಲಜಿ, ಕ್ಯೂನ್ಯಾಪ್ ಕಂಪನಿಗಳು ಸಿದ್ಧ ಪೆಟ್ಟಿಗೆಗಳನ್ನು ಮಾರುತ್ತವೆ. ಹಳೆಯ ಪಿಸಿಗೆ ಟ್ರೂನ್ಯಾಸ್ ಅಥವಾ ಓಪನ್‌ಮೀಡಿಯಾವಾಲ್ಟ್ ತಂತ್ರಾಂಶ ಹಾಕಿ ಕೆಲಸ ಸಾಗಿಸುವವರೂ ಇದ್ದಾರೆ. ಸರ್ವರ್ ಎಂದರೂ ಅದು ಹೆಚ್ಚಾಗಿ ಒಂದು ರಾಸ್ಪ್‌ಬೆರಿ ಪೈ ಅಥವಾ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ. ಅದರಲ್ಲಿ ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಫೋಟೊಗಳಿಗೆ ಇಮ್ಮಿಚ್, ಮನೆಯ ಸಾಧನಗಳ ನಿಯಂತ್ರಣಕ್ಕೆ ಹೋಮ್ ಅಸಿಸ್ಟೆಂಟ್ ಓಡುತ್ತಿರುತ್ತವೆ.

ಸರ್ವರ್‌ನಲ್ಲೇ ಎರಡು ಡಿಸ್ಕ್‌ಗಳಲ್ಲೂ ಒಂದೇ ಮಾಹಿತಿ ಇರುವಂತೆ ರೇಡ್ ಮಾಡಿಕೊಂಡು, ಇನ್ನು ಬ್ಯಾಕಪ್ ಏಕೆ ಎಂದು ಕೇಳುವವರು ಬಹಳ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ರೇಡ್ ಕುರಿತ ಪ್ರಬಂಧ ಬರೆದಾಗ ಅವರ ಮುಂದಿದ್ದದ್ದು ಅಗ್ಗದ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ವೇಗ ಪಡೆಯುವುದು, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಕೈತಪ್ಪಿ ಅಳಿಸಿದ ಫೋಲ್ಡರ್ ರೇಡ್‌ನ ಎರಡೂ ಡಿಸ್ಕ್‌ಗಳಿಂದ ಒಂದೇ ಕ್ಷಣದಲ್ಲಿ ಹೋಗುತ್ತದೆ.

ನಕಲು ಮಾಡುವ ಹಳೆಯ ಸಾಧನಗಳಲ್ಲೊಂದು ಆರ್‌ಸಿಂಕ್. ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಇದನ್ನು 1996ರಲ್ಲಿ ಹೊರತಂದರು. ಆರ್‌ಸಿಂಕ್ ಕಡತವನ್ನು ತುಂಡುಗಳಾಗಿ ನೋಡಿ, ಪ್ರತಿ ತುಂಡಿಗೂ ಅದನ್ನು ಗುರುತಿಸುವ ಚೆಕ್‌ಸಮ್ ಸಂಖ್ಯೆ ಹಾಕಿ, ಆಚೆ ಬದಿಯಲ್ಲಿ ಇಲ್ಲದ್ದನ್ನಷ್ಟೇ ಕಳಿಸುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನ್ಯಾಸ್‌ನ ಫೋಲ್ಡರನ್ನು ಸರ್ವರ್‌ನದೇ ಫೋಲ್ಡರಿನಂತೆ ಜೋಡಿಸಿಕೊಂಡರೆ, ಅಂದರೆ ಮೌಂಟ್ ಮಾಡಿಕೊಂಡರೆ, ಆರ್‌ಸಿಂಕ್ ಅದನ್ನು ಸ್ಥಳೀಯ ಡಿಸ್ಕ್ ಎಂದೇ ಬಗೆಯುತ್ತದೆ; ಆಗ ಒಂದಕ್ಷರ ಬದಲಾಗಿದ್ದರೂ ಇಡೀ ಕಡತ ಮತ್ತೆ ಹೋಗುತ್ತದೆ. ತುಂಡು ಲೆಕ್ಕದ ಲಾಭ ಬೇಕೆಂದರೆ ನ್ಯಾಸ್‌ನಲ್ಲೂ ಆರ್‌ಸಿಂಕ್ ಓಡಬೇಕು, ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಅಥವಾ ಸದಾ ಹಿನ್ನೆಲೆಯಲ್ಲಿ ಓಡುವ ಡೀಮನ್ ರೂಪದಲ್ಲಿ.

ಮೌಂಟ್‌ನದು ಇನ್ನೊಂದು ತಾಪತ್ರಯ. ಕರೆಂಟ್ ಹೋಗಿ ಬಂದಾಗ ಸರ್ವರ್ ಮೊದಲು ಎದ್ದು, ನ್ಯಾಸ್ ನಿಧಾನವಾಗಿ ಎದ್ದರೆ ಮೌಂಟ್ ಆಗುವುದೇ ಇಲ್ಲ. ಆದರೂ ಮೌಂಟ್‌ಗೆಂದು ಮಾಡಿಟ್ಟ ಖಾಲಿ ಫೋಲ್ಡರ್ ಸರ್ವರ್‌ನಲ್ಲಿ ಇದ್ದೇ ಇರುತ್ತದೆ. ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್ ರಾತ್ರಿ ಎರಡಕ್ಕೆ ಎಬ್ಬಿಸಿದ ಬ್ಯಾಕಪ್ ಸ್ಕ್ರಿಪ್ಟ್ ಎಲ್ಲವನ್ನೂ ಅದರೊಳಗೇ ಸುರಿಯುತ್ತದೆ. ಬೆಳಿಗ್ಗೆ ನೋಡಿದರೆ ಸರ್ವರ್‌ನ ಡಿಸ್ಕ್ ತುಂಬಿರುತ್ತದೆ, ನ್ಯಾಸ್‌ಗೆ ಏನೂ ತಲುಪಿರುವುದಿಲ್ಲ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ‘ಮೌಂಟ್ ಆಗಿದೆಯೇ?’ ಎಂದು ಪರೀಕ್ಷಿಸುವುದು ಇದಕ್ಕೆ ಪರಿಹಾರ.

ಓಡುತ್ತಿರುವ ಡೇಟಾಬೇಸ್‌ನ ಕಡತಗಳನ್ನು ಹಾಗೇ ನಕಲು ಮಾಡುವಂತಿಲ್ಲ. ಅರ್ಧ ಹಳತು, ಅರ್ಧ ಹೊಸತಾದ ಪ್ರತಿ ಸಿಕ್ಕೀತು. ಇಮ್ಮಿಚ್ ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ, ಅದರ ಪ್ರತಿ ತೆಗೆಯುವ ಪಿಜಿಡಂಪ್ ಓಡಿಸಿ, ಅದು ಕೊಟ್ಟ ಕಡತವನ್ನು ನ್ಯಾಸ್‌ಗೆ ಕಳಿಸಬೇಕು. ಆ ಡಂಪ್ ಕೂಡ ನಿಜಕ್ಕೂ ಆಗುತ್ತಿದೆಯೇ ಎಂಬುದು ಬೇರೆ ಮಾತು. 2017ರ ಜನವರಿ 31ರಂದು ಕೋಡ್ ಸಂಗ್ರಹಿಸಿಡುವ ಸೇವೆ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರನ್ನು ಅಳಿಸಿದರು. ಬ್ಯಾಕಪ್ ಹುಡುಕಿದರೆ, ಆವೃತ್ತಿ ಹೊಂದದೆ ಪಿಜಿಡಂಪ್ ಸೋಲುತ್ತಿತ್ತು. ಸೋತ ಸುದ್ದಿ ಹೊತ್ತ ಇಮೇಲ್‌ಗಳೂ ತಿರಸ್ಕೃತವಾಗಿದ್ದವು. ಅದೃಷ್ಟವಶಾತ್ ಆರು ಗಂಟೆ ಮುಂಚೆ ಕೈಯಾರೆ ತೆಗೆದ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಒಂದಿತ್ತು. ಅಷ್ಟು ದೊಡ್ಡ ತಂಡಕ್ಕೇ ಹೀಗಾದ ಮೇಲೆ, ತಿಂಗಳಿಗೊಮ್ಮೆ ನಾಲ್ಕು ಫೋಟೊಗಳನ್ನಾದರೂ ನ್ಯಾಸ್‌ನಿಂದ ವಾಪಸ್ ತಂದು ತೆರೆದು ನೋಡುವುದು ಅತಿ ಜಾಗರೂಕತೆಯೇನಲ್ಲ.

ಸರ್ವರ್ ನ್ಯಾಸ್‌ಗೆ ಬರೆಯಬೇಕೋ, ನ್ಯಾಸೇ ಬಂದು ಒಯ್ಯಬೇಕೋ? ಎರಡನೆಯದೇ ಮೇಲು. ಸರ್ವರ್‌ಗೆ ಬರೆಯುವ ಹಕ್ಕಿದ್ದರೆ ಅದರೊಳಗೆ ನುಗ್ಗಿದ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರಾನ್ಸಮ್‌ವೇರ್‌ಗೂ ಆ ಹಕ್ಕು ಸಿಕ್ಕಂತೆ. ಓದಲಷ್ಟೇ ಅನುಮತಿಯಿರುವ ಖಾತೆಯಿಂದ ನ್ಯಾಸ್ ತಾನೇ ಎಳೆದುಕೊಂಡರೆ ಆ ದಾರಿ ಮುಚ್ಚುತ್ತದೆ. ಹಾಗೆಂದು ನ್ಯಾಸ್ ಕೋಟೆಯಲ್ಲ: 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಎಂಬ ರಾನ್ಸಮ್‌ವೇರ್ ಇಂಟರ್ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಹೊಕ್ಕು, ಕಡತಗಳನ್ನು ಪಾಸ್‌ವರ್ಡ್ ಹಾಕಿದ ಸೆವೆನ್‌ಜಿಪ್ ಕಟ್ಟುಗಳಾಗಿಸಿ ಹಣ ಕೇಳಿತು.

ವೇಗ ನಿಂತಿರುವುದು ಕೇಬಲ್ ಮೇಲೆ. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಹರಿದು, 1 ಟೆರಾಬೈಟ್ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಕೇಬಲ್‌ನ ಎಂಟು ತಂತಿಗಳಲ್ಲಿ ಒಂದು ಸಡಿಲವಾದರೂ ಸಂಪರ್ಕ 100 ಮೆಗಾಬಿಟ್‌ಗೆ ಇಳಿಯಬಹುದು. ಆಗ ಅದೇ ಕೆಲಸಕ್ಕೆ ಒಂದು ಇಡೀ ದಿನ ಬೇಕು.

ಬೆಂಕಿ, ಕಳ್ಳತನ, ಸಿಡಿಲಿಗೆ ಸರ್ವರ್ ಮತ್ತು ನ್ಯಾಸ್ ಎರಡೂ ಒಟ್ಟಿಗೆ ಬಲಿಯಾಗುವ ಕಾರಣ ಒಂದು ಪ್ರತಿ ಬೇರೆ ಮನೆಯಲ್ಲಿರುವುದು ಒಳ್ಳೆಯದು. 50 ಮೆಗಾಬಿಟ್ ಅಪ್‌ಲೋಡ್‌ನಲ್ಲಿ 1 ಟೆರಾಬೈಟ್ ಕಳಿಸಲು ಹೆಚ್ಚುಕಡಿಮೆ ಎರಡು ದಿನ ಹಿಡಿಯುತ್ತದೆ. ಬಲ್ಲವರು ಎರಡನೆಯ ಪೆಟ್ಟಿಗೆಯನ್ನು ಮೊದಲು ಮನೆಯಲ್ಲೇ ತುಂಬಿಸಿ, ಕಾರಿನಲ್ಲಿ ಒಯ್ದು ಅಣ್ಣನ ಮನೆಯಲ್ಲೋ ಗೆಳೆಯನ ಮನೆಯಲ್ಲೋ ಇಟ್ಟು ಬರುತ್ತಾರೆ. ಆಮೇಲೆ ದಿನದಿನದ ವ್ಯತ್ಯಾಸವಷ್ಟೇ ತಂತಿ ಮೇಲೆ ಹೋಗುತ್ತದೆ.