ಹರಿಶ್ಚಂದ್ರನನ್ನ ಕೊಂಡವರು ಯಾರು?

ನಮ್ಮ ಗೌರಸಮುದ್ರ, ಚಳ್ಳಕೆರೆ ಕಡೆ ನಾಟಕ ಅಂದ್ರೆ ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಡ್ರೆಸ್ಸು, ಬೆಳಗಾಗೋವರೆಗೂ ಪೌರಾಣಿಕ. ಇವತ್ತಿನ ಕಥೆ ಸತ್ಯ ಹರಿಶ್ಚಂದ್ರ. ಎಲ್ರಿಗೂ ಇದು ಸತ್ಯದ ಕಥೆ. ನಾನು ಓದಿದ್ದು ಬಿ.ಕಾಂ., ನನಗೆ ಇದು ಸಾಲಕ್ಕಾಗಿ ಮನುಷ್ಯರನ್ನ ಮಾರಿದ ಕಥೆ.

ಸುಮಾರು 800 ವರ್ಷದ ಹಿಂದೆ ಹಂಪೆಯ ರಾಘವಾಂಕ ಇದನ್ನ ಷಟ್ಪದಿಯಲ್ಲಿ ಬರೆದ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹುಡುಗಿಯರು ಬಂದು ಹಾಡ್ತಾರೆ, ನಮ್ಮನ್ನ ಮದುವೆಯಾಗು ಅಂತಾರೆ. ರಾಜ ಕುಲ ನೋಡಿ ಒಲ್ಲೆ ಅಂತಾನೆ. ನಮ್ಮ ಹಾಡು ಕೇಳಿದ ಕಿವಿಗೆ, ನೋಡಿದ ಕಣ್ಣಿಗೆ ಇಲ್ಲದ ಮೈಲಿಗೆ ಮುಟ್ಟಿದ್ರೆ ಮಾತ್ರ ಯಾಕೆ ಅಂತ ಅವರು ವಾದಿಸ್ತಾರೆ. ಎಂಥಾ ಪ್ರಶ್ನೆ ನೋಡಿ! ರಾಜನ ಹತ್ರ ಸರಿಯಾದ ಉತ್ತರ ಇಲ್ಲ.

ಆಮೇಲೆ ರಾಜ್ಯ ಹೋಯ್ತು, ಸಾಲ ಉಳೀತು. ಬೆನ್ನಿಗೆ ವಸೂಲಿಗಾರ ನಕ್ಷತ್ರಿಕ. ಇವತ್ತಿನ ಲೋನ್ ಆ್ಯಪ್‌ನವರ ಅಜ್ಜ ಅನ್ನಿ. (1965ರ ಸಿನಿಮಾದಲ್ಲಿ ನರಸಿಂಹರಾಜು ಈ ಪಾರ್ಟಲ್ಲಿ ನಗಿಸ್ತಾರೆ. ಕಾಟ ಮಾತ್ರ ನಗೋವಂಥದ್ದಲ್ಲ.) ಕಾಶಿಯಲ್ಲಿ ಹರಿಶ್ಚಂದ್ರ ಹೆಂಡತಿ ಚಂದ್ರಮತಿಯನ್ನ, ಮಗ ಲೋಹಿತಾಶ್ವನನ್ನ ಒಬ್ಬ ಬ್ರಾಹ್ಮಣನಿಗೆ ಮಾರ್ತಾನೆ. ತಾನು ಸ್ಮಶಾನದ ಒಡೆಯ ವೀರಬಾಹುವಿನ ಆಳಾಗ್ತಾನೆ. ಯಾವ ಕುಲದವರನ್ನ ಮುಟ್ಟಲ್ಲ ಅಂದಿದ್ನೋ ಆ ಕುಲದವನೇ ಈಗ ಧಣಿ. ಹಾವು ಕಚ್ಚಿ ಸತ್ತ ಮಗನನ್ನ ಹೊತ್ತು ಹೆಂಡತಿ ಬಂದ್ರೆ ಅವಳ ಹತ್ರನೂ ಸುಂಕ ಕೇಳ್ತಾನೆ.

ಕೊನೆಗೆ ಶಿವ ಬರ್ತಾನೆ. ಬ್ರಾಹ್ಮಣ ಅಗ್ನಿಯಂತೆ, ವೀರಬಾಹು ಯಮನಂತೆ. ಎಲ್ಲಾ ವೇಷ! ಮಗ ಎದ್ದು ಕೂರ್ತಾನೆ, ರಾಜ್ಯ ವಾಪಸ್.

ಈಗ ಲಂಡನ್ನಿಗೆ ಹೋಗೋಣ. 1695ರಲ್ಲಿ ಥಾಮಸ್ ಸದರ್ನ್ ಅನ್ನೋನ ‘ಒರೊನೊಕೊ’ ನಾಟಕ ರಂಗಕ್ಕೆ ಬಂತು. ಮೂಲ ಕಥೆ ಆಫ್ರಾ ಬೆನ್ ಅನ್ನೋ ಲೇಖಕಿಯದು, 1688ರದ್ದು. ಆಫ್ರಿಕಾದ ರಾಜಕುಮಾರನನ್ನ ಹಡಗಿಗೆ ಕರೆದು, ಮೋಸದಿಂದ ಹಿಡಿದು ಸುರಿನಾಮ್‌ನಲ್ಲಿ ಮಾರ್ತಾರೆ. ಅವನ ಪ್ರೀತಿಯ ಇಮೊಯಿಂಡಾ ಅಲ್ಲೇ ಬೇರೆ ಹೆಸರಲ್ಲಿ ಗುಲಾಮಳಾಗಿರ್ತಾಳೆ. ಅಲ್ಲೂ ವೇಷ ಇದೆ: ಷಾರ್ಲೆಟ್ ಅನ್ನೋ ಇಂಗ್ಲಿಷ್ ಹುಡುಗಿ ಗಂಡಸಿನ ಬಟ್ಟೆ ಹಾಕ್ಕೊಂಡು ಓಡಾಡ್ತಾಳೆ, ಕೆಲಸ ಮುಗಿದ್ಮೇಲೆ ವೇಷ ಕಳಚ್ತಾಳೆ. ಗುಲಾಮರಿಗೆ ಕಳಚೋಕೆ ಏನೂ ಇಲ್ಲ. ಇಬ್ಬರೂ ಸಾಯ್ತಾರೆ, ಯಾವ ದೇವರೂ ಇಳಿದು ಬರಲ್ಲ. ಪ್ರಾಮಾಣಿಕತೆಯಲ್ಲಿ ನನಗೆ ಆ ಕೊನೆಯೇ ಒಂದು ಕೈ ಮೇಲು ಅನ್ಸುತ್ತೆ.

ಯಾಕಂದ್ರೆ ನಮ್ಮಲ್ಲಿ ಜೀತ ಅನ್ನೋದು ನಾಟಕ ಆಗಿರ್ಲಿಲ್ಲ. ಸಾಲಕ್ಕೆ ಅಪ್ಪ, ಬಡ್ಡಿಗೆ ಮಗ. ಆ ಧಣಿಗಳ್ಯಾರೂ ಬೆಳಗಿನ ಜಾವಕ್ಕೆ ಬಣ್ಣ ಒರೆಸಿ ಯಮ ಆಗ್ಲಿಲ್ಲ. 1976ರ ಜೀತ ರದ್ದತಿ ಕಾನೂನು ಆಳನ್ನ ಬಿಡಿಸಿದ್ದಷ್ಟೇ ಅಲ್ಲ, ಜೀತದ ಸಾಲವನ್ನೇ ಅಳಿಸಿಹಾಕ್ತು. ಅದನ್ನ ವಸೂಲಿ ಮಾಡೋಕೆ ಕೋರ್ಟಿಗೂ ಹೋಗೋ ಹಾಗಿಲ್ಲ.

ನಿಮ್ಮೂರ ನಾಟಕದಲ್ಲಿ ವೀರಬಾಹು ಪಾರ್ಟು ಯಾವ ಕೇರಿಯವರಿಗೆ ಕೊಡ್ತಿದ್ರು, ಹರಿಶ್ಚಂದ್ರನ ಪಾರ್ಟು ಯಾರಿಗೆ? ಮನೇಲಿ ಹಿರಿಯರನ್ನ ಕೇಳಿ, ಒಂದು ವಾಯ್ಸ್ ನೋಟ್ ಕಳಿಸಿ.