ಅರ್ಧಕ್ಕೆ ನಿಂತ ಔಷಧಿ: ತಪ್ಪು ಯಾರದು?

ಕ್ಷಯಕ್ಕೆ ಹಳೆಯ ವೈದ್ಯಗ್ರಂಥಗಳಲ್ಲಿರುವ ಹೆಸರು ರಾಜಯಕ್ಷ್ಮ. ಇಪ್ಪತ್ತೇಳು ಹೆಂಡತಿಯರಲ್ಲಿ ರೋಹಿಣಿಯೊಬ್ಬಳಿಗೇ ಒಲಿದ ಚಂದ್ರನಿಗೆ ಮಾವ ದಕ್ಷನ ಶಾಪದಿಂದ ಈ ರೋಗ ತಗುಲಿತೆಂಬುದು ಪುರಾಣದ ಕಥೆ. ರೋಗವೆಂದರೆ ರೋಗಿಯ ತಪ್ಪಿಗೆ ಸಿಕ್ಕ ಶಿಕ್ಷೆ ಎಂಬ ಭಾವನೆ ಅಷ್ಟು ಹಳೆಯದು. 1882ರಲ್ಲಿ ರಾಬರ್ಟ್ ಕಾಕ್ ರೋಗಾಣುವನ್ನು ಗುರುತಿಸಿದ ಮೇಲೂ ಅದು ಅಳಿಯಲಿಲ್ಲ. ರೋಗಿಗೆ ಬೇರೆ ತಟ್ಟೆ, ಬೇರೆ ಚಾಪೆ. ಮಗಳಿಗೆ ಬಂದರೆ ಮದುವೆ ನಿಂತೀತೆಂಬ ಭಯದಿಂದ ಗುಟ್ಟು.

ಔಷಧಿಯಿಲ್ಲದ ಕಾಲದಲ್ಲಿ ಊರಾಚೆಯ ಸ್ಯಾನಟೋರಿಯಂಗಳೇ ಗತಿಯಾಗಿದ್ದವು. ಶುದ್ಧ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಅಲ್ಲಿನ ಚಿಕಿತ್ಸೆ. 1952ರಲ್ಲಿ ಐಸೋನಿಯಾಜಿಡ್ ಬಳಕೆಗೆ ಬಂದ ಬಳಿಕ, ಮನೆಯಲ್ಲೇ ಚಿಕಿತ್ಸೆ ಸಾಧ್ಯವೇ ಎಂಬ ಪ್ರಶ್ನೆ ಎದ್ದಿತು. ಉತ್ತರ ಸಿಕ್ಕಿದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ಆರಂಭವಾದ ಅಧ್ಯಯನದಲ್ಲಿ ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಉಳಿದವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲೇ ಒಂದು ವರ್ಷ ಅದೇ ಔಷಧಿ ಕೊಡಲಾಯಿತು. ಊಟ, ವಿಶ್ರಾಂತಿ ಕಡಿಮೆಯಿದ್ದರೂ ಮನೆಯಲ್ಲಿದ್ದವರು ಬಹುಮಟ್ಟಿಗೆ ಅಷ್ಟೇ ಗುಣವಾದರು. ಅವರ ಮನೆಯವರಿಗೆ ರೋಗ ಹೆಚ್ಚಾಗಿ ಹರಡಲೂ ಇಲ್ಲ. ರೋಗಿಯನ್ನು ದೂರವಿಡುವುದಕ್ಕಿಂತ ಔಷಧಿ ತಪ್ಪದಂತೆ ನೋಡಿಕೊಳ್ಳುವುದೇ ಮುಖ್ಯವೆಂದು ಇದರಿಂದ ತಿಳಿಯಿತು.

ಆದರೆ ಹಳ್ಳಿಯವರು ಆಸ್ಪತ್ರೆಗೆ ಬರುತ್ತಾರೆಯೇ? ಅವರಿಗೆ ಕಾಯಿಲೆಯ ಅರಿವೇ ಇಲ್ಲ, ಮೂಢನಂಬಿಕೆ ಬಿಡುವುದಿಲ್ಲ ಎಂಬುದು ಅಂದಿನ ವಿದ್ಯಾವಂತರ ಸಾಮಾನ್ಯ ಅಭಿಪ್ರಾಯ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಇದನ್ನು ಪರೀಕ್ಷಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅವರಲ್ಲಿ ಅನೇಕರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ ಮಾತ್ರ. ರೋಗಿ ಬಂದಿದ್ದ, ಆಸ್ಪತ್ರೆ ಗುರುತಿಸಲಿಲ್ಲ.

ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದಕ್ಕೂ ಕಾರಣಗಳಿವೆ. ಒಂದೆರಡು ತಿಂಗಳಲ್ಲಿ ಕೆಮ್ಮು, ಜ್ವರ ಇಳಿಯುತ್ತವೆ. ಕೂಲಿಯವನು ಕೆಲಸಕ್ಕೆ ಹೊರಡುತ್ತಾನೆ. ಔಷಧಿಗಾಗಿ ದಿನದ ಕೂಲಿ, ಬಸ್ಸಿನ ಖರ್ಚು ಎರಡನ್ನೂ ಕಳೆದುಕೊಳ್ಳುವುದು ಅವನಿಗೆ ಸುಲಭವಲ್ಲ. ಕೆಲವರಿಗೆ ಗುಳಿಗೆಯಿಂದ ವಾಕರಿಕೆ. ಸೊಸೆಯಾದವಳಿಗೆ ಗುಳಿಗೆಯನ್ನು ಬಚ್ಚಿಟ್ಟು ನುಂಗಬೇಕಾದ ಸಂಕಟ. ಒಳಗೆ ಉಳಿದ ರೋಗಾಣುಗಳಾದರೋ ಮತ್ತೆ ಬೆಳೆಯುತ್ತವೆ, ಕೆಲವೊಮ್ಮೆ ಔಷಧಿಗೆ ಬಗ್ಗದ ರೂಪದಲ್ಲಿ.

ರಿಫಾಂಪಿಸಿನ್ ಬಂದ ಮೇಲೆ ಸಾಮಾನ್ಯ ಕ್ಷಯದ ಚಿಕಿತ್ಸೆ ಆರು ತಿಂಗಳಿಗೆ ಇಳಿದಿದೆ. ರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಲ್ಲಿ ಸರ್ಕಾರ ಆರಂಭಿಸಿದ ತಿಂಗಳಿಗೆ 500 ರೂಪಾಯಿಗಳ ನೆರವು 2024ರಲ್ಲಿ 1000 ರೂಪಾಯಿಗೆ ಏರಿದೆ. ಆದರೆ ಹಣ ತಲುಪುವಷ್ಟು ಸುಲಭವಾಗಿ ಮರ್ಯಾದೆ ತಲುಪುವುದಿಲ್ಲ. ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಯ ಮೂಲಕ, ತಟ್ಟೆ-ಲೋಟದಿಂದಲ್ಲ. ಸರಿಯಾದ ಔಷಧಿ ಆರಂಭವಾದರೆ ಹರಡುವಿಕೆಯೂ ಬೇಗ ತಗ್ಗುತ್ತದೆ. ಇಷ್ಟನ್ನು ಮನೆಯವರು ಅರಿತರೆ ಗುಳಿಗೆಯನ್ನು ಬಚ್ಚಿಡುವ ಅಗತ್ಯವಿರುವುದಿಲ್ಲ. ಬಚ್ಚಿಡದ ಗುಳಿಗೆಯನ್ನು ಆರು ತಿಂಗಳೂ ನುಂಗುವುದು ಸುಲಭ.