ಎರಡು ಚಿತ್ರಗಳ ಬೆಸುಗೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಕಂಪ್ಯೂಟರಿನ ಪರದೆಯ ಮೇಲೆ ತಮ್ಮ ಊರಿನ ಕೆರೆ, ತೋಟ, ಮನೆಗಳನ್ನು ಕಂಡು ಹಿಗ್ಗುತ್ತಾರೆ. ಅಂಥ ಉಪಗ್ರಹ ಚಿತ್ರಗಳಲ್ಲಿ ಅನೇಕವು ಎರಡು ಬೇರೆ ಬೇರೆ ಚಿತ್ರಗಳನ್ನು ಗಣಿತದಿಂದ ಬೆಸೆದು ಪಡೆದವು. ಆ ಬೆಸುಗೆಯ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಬರಹದ ಉದ್ದೇಶ.

ಎರಡು ಚಿತ್ರಗಳೇಕೆ ಬೇಕು? ಬಣ್ಣವನ್ನು ಅರಿಯಬೇಕಾದರೆ ಬೆಳಕನ್ನು ಹಸಿರು, ಕೆಂಪು, ಅವಕೆಂಪು ಎಂದು ಕಿರಿದಾದ ಪಟ್ಟಿಗಳಾಗಿ ವಿಂಗಡಿಸಬೇಕು. ಆಗ ಒಂದೊಂದು ಪಟ್ಟಿಗೆ ದೊರೆಯುವ ಬೆಳಕು ಅತ್ಯಲ್ಪ. ಅದನ್ನು ಸಾಕಷ್ಟು ಸಂಗ್ರಹಿಸಲು ನೆಲದ ದೊಡ್ಡ ಚೌಕವನ್ನು ಒಂದೇ ಚುಕ್ಕಿಯಾಗಿ ಕಾಣಬೇಕಾಗುತ್ತದೆ. ಬೆಳಕನ್ನು ವಿಂಗಡಿಸದೆ ಒಟ್ಟಾಗಿ ಹಿಡಿಯುವ ಕಪ್ಪುಬಿಳುಪಿನ ಕ್ಯಾಮೆರಾ ಚಿಕ್ಕ ಚೌಕವನ್ನೂ ಗುರುತಿಸಬಲ್ಲದು. ಒಂದರಲ್ಲಿ ಬಣ್ಣವುಂಟು, ವಿವರ ಕಡಿಮೆ. ಇನ್ನೊಂದರಲ್ಲಿ ವಿವರವುಂಟು, ಬಣ್ಣವಿಲ್ಲ.

1986ರಲ್ಲಿ ಮೇಲೇರಿದ ಫ್ರಾನ್ಸಿನ ಸ್ಪಾಟ್-1 ಉಪಗ್ರಹವು ಕಪ್ಪುಬಿಳುಪಿನಲ್ಲಿ 10 ಮೀಟರ್, ಬಣ್ಣದಲ್ಲಿ 20 ಮೀಟರ್ ಸೂಕ್ಷ್ಮತೆಯ ಚಿತ್ರಗಳನ್ನು ಕೊಟ್ಟಿತು. 1990ರಲ್ಲಿ ಕಾರ್ಪರ್, ಲಿಲ್ಲೆಸ್ಯಾಂಡ್, ಕೀಫರ್ ಎಂಬ ವಿದ್ವಾಂಸರು ಇವುಗಳ ಬೆಸುಗೆಯ ಕ್ರಮವೊಂದನ್ನು ವಿವರಿಸಿ ಪ್ರಕಟಿಸಿದರು. ಬಣ್ಣದ ಚಿತ್ರವನ್ನು ಪ್ರಖರತೆ, ವರ್ಣ, ವರ್ಣದ ಗಾಢತೆ ಎಂದು ಮೂರಾಗಿ ಬಿಡಿಸಿ, ಪ್ರಖರತೆಯ ಸ್ಥಾನದಲ್ಲಿ ಕಪ್ಪುಬಿಳುಪಿನ ಚಿತ್ರವನ್ನಿರಿಸಿ ಮತ್ತೆ ಕೂಡಿಸುವುದೇ ಆ ಕ್ರಮ.

1995ರ ಡಿಸೆಂಬರ್ 28ರಂದು ಬೈಕನೂರಿನಿಂದ ಹಾರಿದ ನಮ್ಮ ಐ.ಆರ್.ಎಸ್.-1ಸಿ ಬೆಂಗಳೂರಿನಲ್ಲಿ ರೂಪುಗೊಂಡದ್ದು. ಅದರ ಪ್ಯಾನ್ ಕ್ಯಾಮೆರಾದ ಸೂಕ್ಷ್ಮತೆ 5.8 ಮೀಟರ್, ಬಣ್ಣದ ಲಿಸ್-3ರದು 23.5 ಮೀಟರ್. ಎಂದರೆ ಬಣ್ಣದ ಒಂದು ಚುಕ್ಕಿಯೊಳಗೆ ಕಪ್ಪುಬಿಳುಪಿನ ಸುಮಾರು 16 ಚುಕ್ಕಿಗಳು! ಇವೆರಡನ್ನೂ ಬೆಸೆದಾಗ ರಸ್ತೆ, ಬಡಾವಣೆ, ಹೊಲದ ಅಂಚುಗಳು ಬಣ್ಣದಲ್ಲಿಯೇ ಸ್ಫುಟವಾದವು.

ಆದರೆ ಇಲ್ಲೊಂದು ಅಪಾಯವಿತ್ತು. ಹುಲುಸಾದ ಪೈರು ಅವಕೆಂಪು ಬೆಳಕನ್ನು ಹೇರಳವಾಗಿ ಪ್ರತಿಫಲಿಸುತ್ತದೆ. ಈ ಪ್ಯಾನ್ ಕ್ಯಾಮೆರಾಕ್ಕೆ ಆ ಬೆಳಕು ಕಾಣದು. ಬಣ್ಣದ ಚಿತ್ರದಲ್ಲಿ ಉಜ್ವಲವಾಗಿರುವ ಗದ್ದೆ ಅದರಲ್ಲಿ ಮಂಕು. ಅದರ ಪ್ರಖರತೆಯನ್ನು ಎರವಲು ತಂದರೆ ಪೈರಿನ ಬಣ್ಣವೂ ಕೆಡುತ್ತದೆ. ಅಂಥ ಚಿತ್ರವನ್ನು ನಂಬಿ ಬೆಳೆಯ ಸ್ಥಿತಿಯನ್ನು ನಿರ್ಣಯಿಸಿದರೆ ಅನ್ಯಾಯವಾಗುವುದು ರೈತನಿಗೆ.

ಆದುದರಿಂದ ಪರೀಕ್ಷೆ ಅವಶ್ಯವಾಯಿತು. 1997ರಲ್ಲಿ ಫ್ರಾನ್ಸಿನ ಲೂಸಿಯಾಂ ವಾಲ್ಡ್ ಮತ್ತು ಸಂಗಡಿಗರು ಒಂದು ಒರೆಗಲ್ಲನ್ನು ಒದಗಿಸಿದರು: ಬೆಸೆದ ಚಿತ್ರವನ್ನು ಮತ್ತೆ ಒರಟುಗೊಳಿಸಿದರೆ ಅದು ಮೂಲದ ಬಣ್ಣದ ಚಿತ್ರವನ್ನೇ ಹೋಲಬೇಕು. ಲೆಕ್ಕ ಮಾಡಿದ ಮೇಲೆ ತಾಳೆ ನೋಡಿರೆಂದು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಇದೂ ಅದೇ. ಪ್ರಖರತೆಯನ್ನು ಪೂರ್ತಿ ಬದಲಿಸದೆ, ಸೂಕ್ಷ್ಮ ವಿವರಗಳನ್ನು ಮಾತ್ರ ಆಯ್ದು ಸೇರಿಸುವ ವೇವ್‌ಲೆಟ್ ಕ್ರಮಗಳು ಈ ಪರೀಕ್ಷೆಗೆ ಹೆಚ್ಚು ಒಗ್ಗಿದವು.

ಮುಂದೆ 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1ರ 2.5 ಮೀಟರ್ ಚಿತ್ರಗಳನ್ನು ಲಿಸ್-4ರ ಬಣ್ಣದೊಡನೆ ಬೆಸೆದು ನಕ್ಷೆಗಳನ್ನು ರಚಿಸಲಾಯಿತು. ಊರಿನ ಎಲ್ಲೆಯನ್ನು ಗುರುತಿಸಲು ಬೆಸೆದ ಚಿತ್ರ ಉತ್ತಮ. ಪೈರಿನ ಆರೋಗ್ಯವನ್ನು ಅಳೆಯುವಾಗ ಮೂಲ ಚಿತ್ರವನ್ನೂ ಕೇಳಬೇಕು. ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದೆಲ್ಲ ಸತ್ಯಕ್ಕೆ ಸಮೀಪವೆಂದು ಭಾವಿಸಲಾಗದು.